ಚನ್ನಬಸಮ್ಮ ನಮ್ಮತ್ತೆಗೆ ಅತ್ತಿದ್ದು

ಚನ್ನಬಸಮ್ಮನ ವಿಷಯ ಹೇಳ್ಬೇಕು ಅಂದ್ರೆ ಮೊದ್ಲು ನನ್ನ ಮರ್ಯಾದೆ ಕಳ್ಕೋಬೇಕು. ಕಳ್ಕೊಳ್ತೀನಿ ಬಿಡಿ. ಅರವತ್ತೊಂದು ತುಂಬ್ತು, ಇನ್ನೂ ಅದನ್ನ ಇಟ್ಕೊಂಡು ಉಪ್ಪಿನಕಾಯಿ ಹಾಕ್ಲಾ?

ನಮ್ದು ಚಂದಾಪುರ. ಆನೇಕಲ್ ಕಡೆ ತಿರುಗೋ ರಸ್ತೇಲಿ ಆರು ಮನೆ ವಠಾರ. ಮುಂದಿನ ಮನೇಲಿ ನಾವು, ಹಿಂದಿನ ಐದರಲ್ಲಿ ಬಾಡಿಗೆಯೋರು. ನಮ್ಮೆಜಮಾನ್ರು ಪುಟ್ಟಣ್ಣ, ಸರ್ಕಾರಿ ಕಾರ್ಖಾನೇಲಿ ಮೂವತ್ತೆರಡು ವರ್ಷ ದುಡಿದು ರಿಟೈರ್ ಆದೋರು. ಅವರಮ್ಮ, ಅಂದ್ರೆ ನಮ್ಮತ್ತೆ, ನಮ್ಮ ಜೊತೇಲೇ ಇದ್ರು. ಮಗ ಸೊಸೆ ಬೆಳಿಗ್ಗೆ ಎಲೆಕ್ಟ್ರಾನಿಕ್ ಸಿಟಿಗೆ ಹೋದ್ರೆ ರಾತ್ರೀನೇ ಬರೋದು. ಅವರ ಮಗಳು ಶರಣ್ಯ ನಮ್ಮ ಕೈಲೇ ಬೆಳೆದೋಳು.

ಚನ್ನಬಸಮ್ಮ ಬಂದಿದ್ದು ಏಳು ವರ್ಷದ ಹಿಂದೆ. ಗಂಡ ಅಮರಪ್ಪ, ಒಂದು ಟ್ರಂಕು, ಒಂದು ಚೀಲ ಜೋಳ. ಗೇಟ್ ಹತ್ರ ನಿಂತು "ಅಕ್ಕಾರ, ಮನಿ ಖಾಲಿ ಐತೇನ್ರಿ?" ಅಂದಿದ್ದು ಕೊನೇ ಮನೆಗೂ ಕೇಳಿಸ್ತು. ಯಾರಪ್ಪಾ ಇವಳು, ಬಂದೋಳೇ ಜಗಳಕ್ಕೆ ನಿಂತ್ಲಲ್ಲ ಅಂದ್ಕೊಂಡೆ. ಜಗಳ ಅಲ್ಲ, ಅವರ ಕಡೆ ಮಾತೇ ಅಷ್ಟು ಗಟ್ಟಿ. ರಾಯಚೂರು ಜಿಲ್ಲೆ, ಲಿಂಗಸುಗೂರಿಂದ ಆಚೆಗೊಂದು ಹಳ್ಳಿ. ಮದುವೆಯಾಗಿ ಹದಿನೈದು ವರ್ಷ ಆಗಿತ್ತು, ಮಕ್ಕಳಿರಲಿಲ್ಲ. ಅಮರಪ್ಪನಿಗೆ ಬೊಮ್ಮಸಂದ್ರದಲ್ಲಿ ಕಬ್ಬಿಣದ ಸಾಮಾನಿಗೆ ಬಣ್ಣ ಹೊಡೆಯೋ ಶೆಡ್ಡಲ್ಲಿ ಕೆಲಸ. ಇವಳಿಗೆ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯ ಏಳನೇ ಮಹಡಿ ಒರೆಸೋ ಕೆಲಸ, ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ.

ಅಲ್ಲಿ ಇವಳ ಹತ್ರ ಯಾರೂ ಮಾತಾಡ್ತಿರಲಿಲ್ಲ. ಸೂಪರ್‌ವೈಸರ್ ಹಿಂದಿ, ಜೊತೆಯೋರು ಒಬ್ರು ಒಡಿಯಾ, ಒಬ್ರು ತಮಿಳು. ಎಂಟು ಗಂಟೆ ಬಾಯಿ ಕಟ್ಕೊಂಡು ದುಡಿದು ಬಂದೋಳು ನಮ್ಮ ಗೇಟು ದಾಟಿದ ತಕ್ಷಣ ಶುರು ಹಚ್ಕೊಳ್ಳೋಳು. ಕೇಳೋಕೆ ನಮ್ಮತ್ತೆ ಜಗಲಿ ಮೇಲೆ ಕಾಯ್ತಾ ಕೂತಿರೋರು.

"ಬಾಮ್ಮ, ಇಂಗ್ ಬಂದ್ ಕುಂತ್ಕ. ಉಂಡ್ಯಾ?" ಅನ್ನೋರು ಅತ್ತೆ.

"ಉಣ್ಣೂದು ಇದ್ದದ್ದ ಬಿಡವ್ವ. ನಿನ್ನಿ ಅರ್ಧಕ್ಕ ನಿಲ್ಲಿಸಿದ್ಯಲ್ಲ, ಅದನ್ನ ಮೊದಲ ಹೇಳ."

ಅತ್ತೆದು ನಮ್ಮ ಆನೇಕಲ್ ಸೀಮೆ ಮಾತು, "ಅಂಗೆ ಇಂಗೆ". ಇವಳದು "ಹಂಗ ಹಿಂಗ". ಪುಸ್ತಕದ ಕನ್ನಡ ಕಲಿಸೋ ಮೇಷ್ಟ್ರ ಹತ್ರ ನಿಲ್ಲಿಸಿದ್ರೆ ಇಬ್ರಿಗೂ ಸೊನ್ನೆ. ಆದ್ರೂ ಒಬ್ರ ಮಾತು ಒಬ್ರಿಗೆ ಒಂದು ದಿನಾನೂ ತಪ್ಪಿ ಕೇಳಿಸಿದ್ದು ನಾ ಕಾಣೆ. ಎಂಬತ್ತು ದಾಟಿದ ಮುದುಕಿಗೂ ನಲವತ್ತರ ಹೆಂಗಸಿಗೂ ಅದೇನ್ ಮಾತೋ, ಸೂರ್ಯ ಮುಳುಗಿದ್ರೂ ಮುಗೀತಿರಲಿಲ್ಲ.

ನನಗೆ ಹೊಟ್ಟೆ ಉರೀತಿತ್ತು, ನಿಜ ಹೇಳ್ತೀನಿ. ಅದಕ್ಕೊಂದು ಕಾರಣ ಇದೆ, ಅದನ್ನೂ ಕೇಳಿ.

ಈಗೆಲ್ಲಾ ನನ್ನ ಪ್ರಭಾ ಮೇಡಂ ಅಂತಾರೆ. ಅಪ್ಪ ಚಿಕ್ಕಮುನಿಯಪ್ಪ ಇಟ್ಟ ಹೆಸರು ಪಿಳ್ಳಮ್ಮ. ಮದುವೆಯಾಗಿ ಕಾರ್ಖಾನೆ ಕ್ವಾರ್ಟರ್ಸ್‌ಗೆ ಹೋದಾಗ ನನಗೆ ಹತ್ತೊಂಬತ್ತು. ಪಕ್ಕದ ಮನೆಗಳಲ್ಲಿ ಓದಿದ ಹೆಂಗಸರು. ನಾನು "ಆಲು ಬಂತಾ ಅಕ್ಕ" ಅಂದ್ರೆ ಬಾಯಿಗೆ ಸೆರಗು ಅಡ್ಡ ಹಿಡಿಯೋರು. ಒಂದಿನ ಗಣಪತಿ ಹಬ್ಬದಲ್ಲಿ, ಎಲ್ಲರ ಮುಂದೆ, ಒಬ್ಬಾಕೆ ನನ್ನ ಮಾತನ್ನ ಹಂಗಂಗೇ ಆಡಿ ತೋರಿಸಿದ್ಲು. ನಗು ಅಂದ್ರೆ ನಗು. ಪುಟ್ಟಣ್ಣನೂ ನಕ್ರು. ಮನೆಗೆ ಬಂದು ಬಾಗಿಲು ಹಾಕ್ಕೊಂಡು ಕನ್ನಡಿ ಮುಂದೆ ನಿಂತೆ. ಹಾಲು, ಹಣ್ಣು, ಹಬ್ಬ, ಹೇಗಿದ್ದೀರಿ. ಎರಡು ವರ್ಷ ನಿಂತೆ ಆ ಕನ್ನಡಿ ಮುಂದೆ. ಹೆಸರೂ ಬದಲಾಯಿಸ್ಕೊಂಡೆ. ಪಿಳ್ಳಮ್ಮ ಸತ್ಲು, ಪ್ರಭಾ ಹುಟ್ಟಿದ್ಲು. ಅತ್ತೆ ಒಬ್ರು ಮಾತ್ರ ಕೊನೇವರೆಗೂ ಪಿಳ್ಳಮ್ಮ ಅಂತಾನೇ ಕರೆದ್ರು. ಜನರ ಮುಂದೆ ಕರೆದ್ರೆ ನಾನು ಓಗೊಡ್ತಿರಲಿಲ್ಲ.

ಅಷ್ಟು ಕಷ್ಟಪಟ್ಟು ನಾನು ತೊಳ್ಕೊಂಡಿದ್ದನ್ನ ಇವಳು ಒಂಚೂರೂ ನಾಚಿಕೆ ಇಲ್ದೆ ಗೇಟಿಂದಲೇ ಕೂಗ್ಕೊಂಡು ಬರ್ತಾಳಲ್ಲ! ಅದು ನನಗೆ ಚುಚ್ಚೋದು.

ಶರಣ್ಯ ಒಂದನೇ ಕ್ಲಾಸಲ್ಲಿದ್ದಾಗ ಸ್ಕೂಲಲ್ಲಿ ರಾಜ್ಯೋತ್ಸವಕ್ಕೆ ಕತೆ ಹೇಳೋ ಸ್ಪರ್ಧೆ. ನಾನು ವಾರಗಟ್ಲೆ ಅಭ್ಯಾಸ ಮಾಡಿಸಿದ್ದೆ. ಮಗು ಮೈಕ್ ಮುಂದೆ ನಿಂತು ಶುರು ಮಾಡ್ತು: "ಒಂದೂರಾಗ ಒಬ್ಬಾಕಿ ಮುದುಕಿ ಇದ್ಲಂತ. ಆಕಿಗಿ ಯಾರೂ ಇದ್ದಿಲ್ಲಂತ." ಚನ್ನಬಸಮ್ಮ ಹೇಳಿದ ಕತೆ, ಚನ್ನಬಸಮ್ಮನದೇ ಬಾಯಿ. ಹಾಲ್ ಪೂರ್ತಿ ನಗು. ಟೀಚರ್ ನನ್ನ ಪಕ್ಕಕ್ಕೆ ಕರೆದು, "ಮನೇಲಿ ಸ್ವಲ್ಪ ಸ್ಟ್ಯಾಂಡರ್ಡ್ ಕನ್ನಡ ಮಾತಾಡಿ ಮೇಡಂ" ಅಂದ್ರು. ನನಗೆ! ಎರಡು ವರ್ಷ ಕನ್ನಡಿ ಮುಂದೆ ನಿಂತೋಳಿಗೆ! ಮಗುಗೆ ಏನೂ ಅನ್ನಿಸ್ಲಿಲ್ಲ ಪಾಪ, ಎಲ್ರೂ ಖುಷಿಪಟ್ರು ಅಂತ ಕುಣ್ಕೊಂಡು ಬಂತು. ಅನ್ನಿಸಿದ್ದು ನನಗೆ.

ಮಧ್ಯಾಹ್ನ ಚನ್ನಬಸಮ್ಮ ಕೆಲಸ ಮುಗಿಸಿ ಬಂದಾಗ ವಠಾರದ ಹೆಂಗಸರೆಲ್ಲಾ ನಲ್ಲಿ ಹತ್ರ ಇದ್ರು. ಅಲ್ಲೇ ಹಿಡ್ಕೊಂಡೆ. "ನೋಡಮ್ಮ, ನನ್ನ ಮೊಮ್ಮಗಳ ಮುಂದೆ ನಿನ್ನ ಆ ಒರಟು ಭಾಷೆ ಬೇಡ. ಮಾತಾಡೋದಾದ್ರೆ ಸರಿಯಾಗಿ ಮಾತಾಡು, ಇಲ್ಲಾಂದ್ರೆ ಬಾಯಿ ಮುಚ್ಕೊಂಡಿರು" ಅಂದೆ. ಅವಳು ಕೊಡ ಕೆಳಗಿಟ್ಲು. ನನ್ನ ಮುಖ ನೋಡಿದ್ಲು. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತಾರಲ್ಲ, ನಾನು ಆಡಿ ಆಗಿತ್ತು.

ಎರಡರಲ್ಲಿ ಒಂದು ಆರಿಸ್ಕೋ ಅಂದಿದ್ದೆ, ಆರಿಸ್ಕೊಂಡ್ಲು. ಅವತ್ತಿಂದ ಎರಡು ವರ್ಷ ಚನ್ನಬಸಮ್ಮ ನಮ್ಮ ವಠಾರದಲ್ಲಿ ಬಾಯಿ ಬಿಡಲಿಲ್ಲ. ನೀರು ಬಂತಾ ಅಂದ್ರೆ ತಲೆ ಆಡಿಸೋಳು. ಶರಣ್ಯ "ಚನ್ನಮ್ಮಾ, ಕತಿ ಹೇಳ" ಅಂತ ಸೆರಗು ಹಿಡಿದ್ರೆ ಬೆರಳು ಬಿಡಿಸ್ಕೊಂಡು ಒಳಗೆ ಹೋಗೋಳು. ಹೊಸದಾಗಿ ಬಂದ ಬಾಡಿಗೆಯೋರು ಮೂಗಿ ಅಂತಾನೇ ತಿಳ್ಕೊಂಡಿದ್ರು. ನಾನು ಅಲ್ಲ ಅಂತ ಹೇಳಲಿಲ್ಲ. ಥೂ ನನ್ನ ಬಾಳಿಗೆ.

ಅತ್ತೆ ಜಗಲಿ ಬಿಟ್ರು. ಮಧ್ಯಾಹ್ನ ಆದ್ರೆ ಕೋಲೂರ್ಕೊಂಡು ಹಿತ್ತಲಿನ ಒಗೆಯೋ ಕಲ್ಲಿನ ಹತ್ರ ಹೋಗಿ ಕೂರೋರು. ಚನ್ನಬಸಮ್ಮನೂ ಅಲ್ಲೇ ಬಟ್ಟೆ ಒಗೀತಾ ಇರೋಳು. ಇಬ್ರೂ ಸುಮ್ನೆ ಕೂತಿರ್ತಾರೆ ಅಂದ್ಕೊಂಡಿದ್ದೆ. ಹತ್ರ ಹೋಗಿ ಕೇಳೋ ಮನಸ್ಸು ಒಂದಿನಾನೂ ಬರಲಿಲ್ಲ ನನಗೆ.

ಈ ಮಧ್ಯೆ ಅತ್ತೆ ನನ್ನ ಹತ್ರ ಒಂದು ಮಾತು ಕೇಳಿದ್ರು. ಮುದ್ದೆ ಮುರೀತಾ ಕೂತಿದ್ದೋರು ತಟ್ಟೆ ಸರಿಸಿ, "ಪಿಳ್ಳಮ್ಮ, ನಾ ಸತ್ರೆ ನೀ ಯೋಳ್ಕೊಂಡ್ ಅಳ್ತೀಯಾ?" ಅಂದ್ರು.

ನಮ್ಮ ಕಡೆ ಪದ್ಧತಿ ಅದು. ಹೆಣದ ಮುಂದೆ ಸುಮ್ನೆ ಕಣ್ಣೀರು ಹಾಕಿದ್ರೆ ಸಾಲದು. ಸತ್ತೋಳು ಯಾವ ಊರಲ್ಲಿ ಹುಟ್ಟಿದ್ಲು, ಏನ್ ಪಾಡು ಪಟ್ಲು, ಎಷ್ಟು ಹೆತ್ಲು, ಏನ್ ಕಳ್ಕೊಂಡ್ಲು, ಎಲ್ಲಾನೂ ರಾಗವಾಗಿ ಹೇಳ್ಕೊಂಡು ಅಳ್ಬೇಕು. ನಮ್ಮ ಹಟ್ಟೀಲಿ ಹಂಗೆ ಅಳ್ತಿದ್ದ ಮುದುಕೀರು ಒಬ್ಬೊಬ್ರಾಗಿ ಹೋಗಿಬಿಟ್ಟಿದ್ರು, ಉಳಿದಿದ್ದೋರು ಅತ್ತೆ ಒಬ್ರೇ. ಊರಿಗೆಲ್ಲಾ ಅತ್ತೋಳಿಗೆ ಅಳೋರಿಲ್ಲ ಅನ್ನೋ ಭಯ.

"ಮಾತಿಲ್ದೆ ಎತ್ತಿದ್ ಎಣ ಮೂಗ್ ಎಣ ಕಣಮ್ಮ. ಆಚೆ ಲೋಕ್ದಾಗೂ ಯಾರೂ ಗುರ್ತಿಡಿಯಾಕಿಲ್ಲ" ಅಂದ್ರು.

"ಅಳ್ತೀನಿ ಬಿಡಿ ಅತ್ತೆ, ಈಗ ಊಟ ಮಾಡಿ" ಅಂದೆ. ಮಗುಗೆ ಚಾಕ್ಲೇಟ್ ಕೊಡಿಸ್ತೀನಿ ಅನ್ನೋ ಹಂಗೆ. ಅವರು ನಂಬಿದ್ರು.

ಹೋದ ವರ್ಷ ಫಾಲ್ಗುಣದಲ್ಲಿ, ಬೆಳಿಗ್ಗೆ ಏಳು ಗಂಟೆಗೆ, ಕಾಫಿ ಲೋಟ ಕೈಲಿ ಹಿಡ್ಕೊಂಡೇ ಹೋಗಿಬಿಟ್ರು. ಎಂಬತ್ತೇಳು ವರ್ಷ. ಹತ್ತು ಗಂಟೆಗೆ ಫ್ರೀಜರ್ ಬಾಕ್ಸ್ ಬಂತು, ಶಾಮಿಯಾನ ಬಂತು, ಪ್ಲಾಸ್ಟಿಕ್ ಕುರ್ಚಿ ಬಂತು. ಆನೇಕಲ್‌ನೋರು, ಸರ್ಜಾಪುರದೋರು, ಎಲ್ಲಾ ನೆಂಟರೂ ಬಂದ್ರು. ಪಕ್ಕದ ಅಪಾರ್ಟ್‌ಮೆಂಟ್‌ನೋರು ಮನೆಯಿಂದ ಕೆಲಸ ಮಾಡ್ತಿರ್ತಾರೆ, ತಮಟೆ ಬೇಡ ಅಂದ ಮಗ. ನಾದಿನಿ ಮಗಳು ಚಿತ್ರಾ ಮೊಬೈಲಲ್ಲಿ ಭಜನೆ ಹಾಕಿದ್ಲು. ಬಂದೋರು ಹಾರ ಹಾಕಿ, ಕೈ ಮುಗಿದು, ಕುರ್ಚೀಲಿ ಕೂತು ಫೋನ್ ನೋಡ್ತಿದ್ರು. ಮೂರು ಗಂಟೆಗೆ ಎತ್ತೋದು ಅಂತ ಮಾತಾಗಿತ್ತು.

ಎರಡೂವರೆ ಆಯ್ತು. ಮಾತು ಕೊಟ್ಟಿದ್ದೆನಲ್ಲ. ಬಾಕ್ಸ್ ಹತ್ರ ಹೋಗಿ ಕೂತೆ. ಗಾಜಿನ ಮೇಲೆ ಕೈ ಇಟ್ಟೆ. ಬಾಯಿ ತೆರೆದೆ. "ಅತ್ತೆ, ನೀವು ನಮ್ಮನ್ನೆಲ್ಲ ಬಿಟ್ಟು ಹೊರಟುಹೋದಿರಿ..." ಅಂತ ಬಂತು. ಹ ಅಂದ್ರೆ ಹ, ಎಲ್ಲಾ ಸರಿಯಾಗಿ, ಪೇಪರಲ್ಲಿ ಶ್ರದ್ಧಾಂಜಲಿ ಹಾಕಿಸ್ತಾರಲ್ಲ ಹಂಗೆ. ನನಗೇ ನನ್ನ ದನಿ ಕೇಳಿ ಅಸಹ್ಯ ಆಯ್ತು. ಮುಂದಕ್ಕೆ ಒಂದು ಪದ ಇಲ್ಲ. ಅವರ ತವರಲ್ಲಿ ಯಾರ್ಯಾರಿದ್ರು? ಗೊತ್ತಿಲ್ಲ. ಚಿಕ್ಕೋರಿದ್ದಾಗ ಏನ್ ಮಾಡ್ತಿದ್ರು? ಗೊತ್ತಿಲ್ಲ. ನಲವತ್ತೆರಡು ವರ್ಷ ಅವರ ಸೊಸೆ ನಾನು. ಏನು ತಾನೆ ಕೇಳಿದ್ದೆ ಅವರನ್ನ? ಮಾತ್ರೆ ತಗೊಂಡ್ರಾ, ಸ್ನಾನ ಆಯ್ತಾ.

ಹೊರಗೆ ಚಟ್ಟ ಕಟ್ಟಿ ಆಗಿತ್ತು. ಆಗ ಒಗೆಯೋ ಕಲ್ಲು ನೆನಪಾಯ್ತು. ಎದ್ದು ಹಿತ್ತಲಿಗೆ ಹೋದೆ.

ಚನ್ನಬಸಮ್ಮ ಕೆಲಸದಿಂದ ಬಂದು ನೀಲಿ ಯೂನಿಫಾರಂನಲ್ಲೇ ಹೊಸ್ತಿಲ ಒಳಗೆ ಕೂತಿದ್ಲು, ಮೊಣಕಾಲಿಗೆ ಗದ್ದ ಊರಿ. ಕಣ್ಣು ಕೆಂಪಗಿತ್ತು. ಹೆಣ ನೋಡೋಕೂ ಬಂದಿರಲಿಲ್ಲ. ಯಾವ ಮುಖ ಇಟ್ಕೊಂಡು ಬಾ ಅಂತ ಕರೀಲಿ ನಾನು?

"ಚನ್ನಬಸಮ್ಮ, ಬಂದು ಅಳಮ್ಮ" ಅಂದೆ. "ಅತ್ತೆ ಮಾತಿಲ್ದೆ ಹೋಗ್ತಾ ಇದ್ದಾರೆ. ನನಗೆ ಆಗ್ತಾ ಇಲ್ಲ."

ಅವಳು ನೆಲ ನೋಡ್ಕೊಂಡೇ ಹೇಳಿದ್ಲು, ಎರಡು ವರ್ಷದಲ್ಲಿ ನನ್ನ ಹತ್ರ ಆಡಿದ ಮೊದಲನೇ ಮಾತು: "ನಿಮ್ಮ ಮಾತು ನನಗ ಬರೂದಿಲ್ರೀ ಅಕ್ಕಾರ. ಒರಟು ಆಗ್ತೈತಿ. ಮಂದಿ ಕುಂತಾರ."

ನಾನು ಹೊಸ್ತಿಲ ಆಚೆ ನೆಲದ ಮೇಲೆ ಕೂತ್ಕೊಂಡೆ. ಉಟ್ಟ ಸೀರೆ, ಒದ್ದೆ ನೆಲ, ಏನೂ ನೋಡಲಿಲ್ಲ. "ತಪ್ಪಾಯ್ತು ಕಣೇ. ನನ್ನ ನಾಲಿಗೆಗೆ ಹುಳ ಬೀಳ. ನಿನ್ನ ಮಾತಲ್ಲೇ ಅಳು. ನೀನು ಅಳದೇ ಇದ್ರೆ ಅವರು ಮೂಗಿ ಆಗಿ ಹೋಗ್ತಾರೆ."

ಹೊರಗಿಂದ "ಟೈಮ್ ಆಯ್ತು, ಎತ್ತೋಣ್ವಾ?" ಅನ್ನೋ ದನಿ ಬಂತು. ಆಗ ಎದ್ಲು. ತಲೆ ತುಂಬ ಸೆರಗು ಹೊದೆಯೋಕೆ ಸೀರೆ ಇರಲಿಲ್ಲ, ಯೂನಿಫಾರಂ ಮೇಲೆ ಒಂದು ಟವಲ್ ಹೊದ್ಕೊಂಡು ನನ್ನ ದಾಟಿ ನಡೆದ್ಲು.

ಬಾಕ್ಸ್ ಹತ್ರ ಹೋಗಿ, ಮೊದಲು ಚಿತ್ರಾ ಕೈಲಿದ್ದ ಫೋನ್ ಕಡೆ ನೋಡಿದ್ಲು. ಚಿತ್ರಾ ಭಜನೆ ನಿಲ್ಲಿಸಿದ್ಲು. ಇವಳು ಮಂಡಿಯೂರಿ, ಗಾಜಿಗೆ ಹಣೆ ತಾಗಿಸಿ, ಒಂದೇ ಸಲ ಎತ್ತಿದ್ಲು ನೋಡಿ ದನಿ:

"ಎವ್ವಾ... ನನ್ನ ಹಡದವ್ವಾ... ಸರ್ಜಾಪುರದಾಚಿ ಕೆರಿದಂಡಿ ಮನಿ ಮಗಳಾ... ಎಂಟ ವರ್ಷಕ್ಕ ಎಮ್ಮಿ ಕಾಯ್ದಿ, ಹದಿಮೂರಕ್ಕ ತಾಳಿ ಕಟ್ಟಿಸಿಕೊಂಡಿ, ಅತ್ತಿ ಬೈದರ ಅತ್ತಿಲ್ಲ, ಮಾವ ಬಡದರ ಅತ್ತಿಲ್ಲ, ರಾಗಿ ಬೀಸೂ ಕಲ್ಲಿನ ಮುಂದ ಕುಂತ ಅತ್ತೀಯಲ್ಲವ್ವಾ..."

ಕುರ್ಚೀಲಿದ್ದೋರೆಲ್ಲಾ ಫೋನ್ ಕೆಳಗಿಟ್ರು. ಗೇಟ್ ಹತ್ರ ಹರಟ್ತಿದ್ದ ಗಂಡಸರು ಒಳಗೆ ಬಂದ್ರು.

"ಮೂರ ಹಡದಿ ಎವ್ವಾ, ಎರಡ ಅಂತ ಮಂದಿ ಎಣಸತಾರ. ಮೊದಲಿನಾಕಿ ಪುಟ್ಟಿ, ಎಲ್ಲಿ ಹೋತ ಆ ಕೂಸು? ಮೂರ ವರ್ಷಕ್ಕ ಜ್ವರ ಬಂದ ಹೋತ. ಕೆರಿ ಏರಿ ಹೊಂಗಿಗಿಡದ ಬುಡಕ ಮಲಗಿಸಿ ಬಂದಿ, ಯಾರ ಮುಂದೂ ಹೇಳಲಿಲ್ಲ. ಆ ಕೆರಿ ಮುಚ್ಯಾರ ಎವ್ವಾ, ಅದರ ಮ್ಯಾಲ ಕಾರ ನಿಲ್ಲಸ್ಯಾರ, ನಿನ್ನ ಕೂಸಿನ ಎದಿ ಮ್ಯಾಲ ಕಾರ ನಿಲ್ಲಸ್ಯಾರ... ಆಕಿ ಹೆಸರ ಮಗಗಿಟ್ಟಿ, ಪುಟ್ಟಣ್ಣ ಪುಟ್ಟಣ್ಣ ಅಂತ ದಿನಾ ಕೂಗಿದಿ, ಯಾರನ್ನ ಕೂಗತೀ ಅಂತ ಯಾರೂ ಕೇಳಲಿಲ್ಲಲ್ಲ..."

ನಮ್ಮೆಜಮಾನ್ರು ಕಂಬ ಹಿಡ್ಕೊಂಡು ನಿಂತಿದ್ರು. ಅರವತ್ತೇಳು ವರ್ಷದ ಗಂಡಸು. ತನಗೆ ಒಬ್ಬ ಅಕ್ಕ ಇದ್ಲು ಅಂತ ಅವತ್ತು ಗೊತ್ತಾಗಿದ್ದು ಅವರಿಗೆ. "ಅಮ್ಮಾ" ಅಂತ ಒಂದು ಸಲ ಅಂದು ಹಂಗೇ ಕುಸಿದು ಕೂತ್ರು. ನಾನು ಅವರು ಅತ್ತಿದ್ದು ನೋಡಿದ್ದು ಅದೇ ಮೊದಲು.

ಚನ್ನಬಸಮ್ಮ ನಿಲ್ಲಿಸಲಿಲ್ಲ. ಅತ್ತೆಯ ಬದುಕು ಪೂರ್ತಿ ಹೇಳಿದ್ಲು. ಕಾಲರಾ ಬಂದ ವರ್ಷ, ಗಂಡ ಬೇರೆ ಹೆಂಗಸಿನ ಹಿಂದೆ ಹೋಗಿ ತಿರುಗಿ ಬಂದ ವರ್ಷ, ಹಲಸಿನ ಮರ ಕಡಿದ ದಿನ. ಎಲ್ಲಾ ಆ ಒಗೆಯೋ ಕಲ್ಲಿನ ಹತ್ರ ಕೇಳಿಸ್ಕೊಂಡಿದ್ದು. ಆಮೇಲೆ ದನಿ ಇಳಿಸಿದ್ಲು. ನನ್ನ ಕಡೆ ತಿರುಗಲಿಲ್ಲ, ಗಾಜಿನ ಒಳಗಿದ್ದ ಮುಖಕ್ಕೇ ಹೇಳಿದ್ಲು:

"ಸೊಸಿ ಪಿಳ್ಳಮ್ಮ ಬಾಯಿ ತೆರಿವಲ್ಲಳ ಎವ್ವಾ. ಬೈಬ್ಯಾಡ ಆಕಿನ್ನ. ಆಕಿಗೂ ಮಾತ ಇತ್ತು. ಮಂದಿ ನಕ್ಕ ನಕ್ಕ ಕಸಗೊಂಡಾರ..."

ಅಯ್ಯೋ ದೇವ್ರೇ. ಎರಡು ವರ್ಷ ಅವಳ ಬಾಯಿ ಕಟ್ಟಿದೋಳು ನಾನು. ಶಾಪ ಹಾಕಿದ್ರೂ ತಡ್ಕೊಳ್ತಿದ್ದೆ. ಕನ್ನಡಿ ಮುಂದೆ ನಿಂತಿದ್ದು ಅತ್ತೆಗೆ ಬಿಟ್ರೆ ಯಾರಿಗೂ ಗೊತ್ತಿರಲಿಲ್ಲ, ಅತ್ತೆ ಅದನ್ನೂ ಇವಳಿಗೆ ಹೇಳಿದ್ರು. ನನ್ನ ಹೊಟ್ಟೆಯಿಂದ ಏನೋ ಕಿತ್ಕೊಂಡು ಬಂತು.

"ಅತ್ತೆಮ್ಮೋ... ಎಂಗಮ್ಮ ವೊಂಟೋದೆ ನಮ್ಮುನ್ನ ಬುಟ್ಟು... ನನ್ ಪಿಳ್ಳಮ್ಮ ಅಂತ ಕರ್ಯೋರ್ ಇನ್ನ್ಯಾರಮ್ಮ ಅವ್ರೆ... ನೀ ಕರ್ದಾಗ ನಾ ಓ ಅನ್ನಿಲ್ಲ, ಈಗ್ ಅಂತೀನಿ ಕೇಳಮ್ಮೋ... ಓ ಅತ್ತೆಮ್ಮೋ... ಓ..."

ನಲವತ್ತು ವರ್ಷದ ಮೇಲೆ ಅದು ನನ್ನ ಬಾಯಲ್ಲಿ ಬಂದಿದ್ದು. ಒಂದು ಹ ಇರಲಿಲ್ಲ. ನಗೋರು ಯಾರೂ ಇರಲಿಲ್ಲ. ಚನ್ನಬಸಮ್ಮ ಒಂದು ಕೈ ನನ್ನ ಬೆನ್ನ ಮೇಲಿಟ್ಟು ತನ್ನ ಮಾತಲ್ಲಿ ಹೇಳ್ತಾ ಹೋದ್ಲು, ನಾನು ನನ್ನ ಮಾತಲ್ಲಿ. ಮೂರು ಗಂಟೆಗೆ ಎತ್ತಬೇಕಾಗಿದ್ದ ಹೆಣ ನಾಲ್ಕೂವರೆಗೆ ಎತ್ತಿದ್ರು. ಬೇಗ ಬೇಗ ಅಂತ ಯಾರೂ ಅನ್ನಲಿಲ್ಲ.

ಅದಾದ್ಮೇಲೆ ಅವಳು ಮೊದಲಿನ ಹಂಗೆ ಗೇಟಿಂದ ಕೂಗ್ಕೊಂಡು ಬರ್ತಾಳೆ ಅಂತ ಹೇಳಿದ್ರೆ ಸುಳ್ಳಾಗುತ್ತೆ. ಬರಲ್ಲ. ಮುರಿದಿದ್ದು ಅಷ್ಟು ಸುಲಭಕ್ಕೆ ಕೂಡಲ್ಲ. ಶರಣ್ಯಗೆ ಕತೆ ಹೇಳ್ತಾಳೆ, ನನ್ನ ಕಂಡ್ರೆ ದನಿ ತಗ್ಗಿಸ್ತಾಳೆ.

ಆದ್ರೂ ಮಧ್ಯಾಹ್ನ ಎರಡೂವರೆಗೆ ನಾನು ಒಗೆಯೋ ಕಲ್ಲಿನ ಹತ್ರ ಹೋಗಿ ಕೂರ್ತೀನಿ, ಅತ್ತೆ ಕೂರ್ತಿದ್ದ ಜಾಗದಲ್ಲೇ. ಕೇಳ್ತೀನಿ. ಅವಳ ಅವ್ವನ ಹೆಸರು ಗೌರಮ್ಮ. ಇವಳನ್ನ ನಾಲ್ಕನೇ ಕ್ಲಾಸಲ್ಲಿ ಶಾಲೆ ಬಿಡಿಸಿದ್ರು, ಬರೆಯೋ ಪಾಟಿಯನ್ನ ಹಗೇವಿನಲ್ಲಿ ಬಚ್ಚಿಟ್ಟು ಬಂದಿದ್ಲಂತೆ. ಹಗೇವು ಅಂದ್ರೆ ನೆಲದೊಳಗೆ ಜೋಳ ತುಂಬಿಡೋ ಗುಂಡಿ. ಎರಡು ಸಲ ಬಸುರಿಳಿದು ಹೋಯ್ತು, ಎರಡನೇದು ಗಂಡು. ಬೆಂಗಳೂರಿಗೆ ಬಂದ ಮೊದಲನೇ ದಿನ ಮೆಜೆಸ್ಟಿಕ್‌ನಲ್ಲಿ ನೀರು ಕೇಳಿದ್ದಕ್ಕೆ ಅಂಗಡಿಯೋನು ಯಾಕ್ ಬೈತೀಯಮ್ಮ ಅಂದನಂತೆ. ಅದನ್ನ ಹೇಳುವಾಗ ಅವಳು ನಗಲಿಲ್ಲ.

ಇದನ್ನೆಲ್ಲಾ ನಾನು ಬಾಯಿಪಾಠ ಮಾಡ್ಕೊಳ್ತಾ ಇದೀನಿ. ನಿಮಗೆ ಹೇಳ್ತಿರೋದೂ ಅದಕ್ಕೇ, ಹೇಳ್ತಾ ಹೇಳ್ತಾ ಮನಸ್ಸಲ್ಲಿ ಉಳೀಲಿ ಅಂತ. ಅವಳಿಗೆ ಹೆಣ್ಣು ಮಕ್ಕಳಿಲ್ಲ, ಸೊಸೆ ಇಲ್ಲ. ನಾಳೆ ನಾನೇ ಮೊದಲು ಹೋಗ್ಬಹುದು, ಇಪ್ಪತ್ತು ವರ್ಷಕ್ಕೆ ದೊಡ್ಡೋಳು. ಅದಕ್ಕೆ ಈಗ ಶರಣ್ಯನ್ನೂ ಪಕ್ಕದಲ್ಲಿ ಕೂರಿಸ್ಕೊಳ್ತೀನಿ.

ಮೊನ್ನೆ ಕೇಳಿದೆ, "ನಿನ್ನ ಮಾತು ನನ್ನ ಬಾಯಿಗೆ ತಿರುಗಲ್ವಲ್ಲೇ. ಎಷ್ಟು ಪ್ರಯತ್ನ ಪಟ್ರೂ ನಾಟಕ ಆಡಿದಂಗೆ ಕೇಳುತ್ತೆ. ನಿನಗೆ ಹೆಂಗೆ ಅಳ್ಲಿ?"

ಬಟ್ಟೆ ಹಿಂಡ್ತಾ ಇದ್ದೋಳು ಕೈ ನಿಲ್ಲಿಸಿ ನನ್ನ ಮುಖ ನೋಡಿದ್ಲು. ನಲ್ಲಿ ಹತ್ರ ಅವತ್ತು ನೋಡಿದ್ಲಲ್ಲ, ಹಂಗೆ ನೇರವಾಗಿ.

"ನಿಮ್ಮ ಮಾತಿನಾಗ ಅಳ್ರೀ ಅಕ್ಕಾರ" ಅಂದ್ಲು. "ನಿಮ್ಮ ಮನಿ ಅವ್ವನ ಬಾಯಾಗ ಆರ ವರ್ಷ ಕೇಳೀನಿ. ನನಗ ತಿಳಿತೈತಿ."